ನುಡಿದುದು ತಪ್ಪೇ?



ನಮ್ಮ ಪುಣೆಯ ಖಡಕಿಯಲ್ಲಿ 1968ರ ಜುಲೈ 16ರಂದು ಬಡ ತಮಿಳು ಕುಟುಂಬವೊಂದರಲ್ಲಿ ಜನಿಸಿದ ಹಾಕಿ ಆಟಗಾರ ಧನರಾಜ್ ಪಿಳ್ಳೈಯವರ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಅವರ ತಂದೆ ಮದ್ದುಗುಂಡು ಕಾರ್ಖಾನೆಯ ಆಟದ ಮೈದಾನವನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಹೊಸ ಕೋಲನ್ನು ಕೊಳ್ಳಲು ಹಣವಿಲ್ಲದೆ, ಮುರಿದ ಕೋಲುಗಳನ್ನೇ ಹಗ್ಗದಿಂದ ಬಿಗಿದು, ಇತರರು ಬಿಸುಟ ಚೆಂಡುಗಳಿಂದ ಆಟ ಕಲಿತ ಈ ಬಾಲಕನು 1989ರಿಂದ 2004ರವರೆಗೆ ಭಾರತದ ಪರವಾಗಿ ಆಡಿ, ನಾಲ್ಕು ಒಲಿಂಪಿಕ್ ಕೂಟಗಳಲ್ಲಿಯೂ ನಾಲ್ಕು ವಿಶ್ವಕಪ್ ಪಂದ್ಯಾವಳಿಗಳಲ್ಲಿಯೂ ಪಾಲ್ಗೊಂಡನೆಂಬುದು ಸಾಮಾನ್ಯ ಸಂಗತಿಯಲ್ಲ.

ಆದರೂ ಅವರನ್ನು ಕುರಿತು ಜನರಲ್ಲಿ ಎರಡು ಪಕ್ಷಗಳಿವೆ. ಅಪ್ರತಿಮ ಆಟಗಾರನೆಂದು ಹೊಗಳುವವರು ಕೆಲವರು. ಆಟ ಒಳ್ಳೆಯದು, ನಾಲಗೆ ಮಾತ್ರ ಒರಟು ಎಂದು ಹಳಿಯುವವರು ಮತ್ತೆ ಕೆಲವರು. ಇವರಲ್ಲಿ ಯಾರ ಮಾತು ನ್ಯಾಯವಾದುದು?

1998ರಲ್ಲಿ ಬ್ಯಾಂಕಾಕ್ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ ಧನರಾಜರ ನಾಯಕತ್ವದ ತಂಡವು ದಕ್ಷಿಣ ಕೊರಿಯವನ್ನು ಸೋಲಿಸಿ, 32 ವರ್ಷಗಳ ತರುವಾಯ ಭಾರತಕ್ಕೆ ಹಾಕಿಯ ಚಿನ್ನವನ್ನು ತಂದಿತು. ಅಂತಿಮ ಪಂದ್ಯದ ನಿರ್ಣಾಯಕ ಹೊಡೆತಗಳನ್ನು ತಡೆದು ಗೆಲುವಿಗೆ ಕಾರಣರಾದವರು ಕರ್ನಾಟಕದ ಗೋಲ್ ರಕ್ಷಕ ಆಶೀಷ್ ಬಲ್ಲಾಳರು. ಇಂತಹ ವಿಜಯದ ಬೆನ್ನಿಗೇ ಇವರಿಬ್ಬರನ್ನೂ ಇತರ ಕೆಲವು ಹಿರಿಯ ಆಟಗಾರರನ್ನೂ ತಂಡದಿಂದ ಕೈಬಿಡಲಾಯಿತು. ವಿಶ್ರಾಂತಿ ಕೊಟ್ಟಿದ್ದೇವೆ ಎಂಬುದು ಅಧಿಕೃತ ವಿವರಣೆ. ಪಂದ್ಯದ ಸಂಭಾವನೆಯನ್ನು ಕೇಳಿದುದಕ್ಕೆ ವಿಧಿಸಿದ ದಂಡವಿದು ಎಂಬುದು ಆಟಗಾರರಲ್ಲಿ ಹಲವರ ನಂಬಿಕೆ.

ಧನರಾಜರು ಬೇಗನೆ ಸಿಟ್ಟಾಗುವವರೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕೋಪದಿಂದ ಆಡಿದ ಮಾತು ನ್ಯಾಯವಾದ ಬೇಡಿಕೆಯನ್ನೂ ಮಸುಕಾಗಿಸುತ್ತದೆ. ಕೇಳಿದವರು ಧ್ವನಿಯನ್ನು ನೆನಪಿಟ್ಟು ವಿಷಯವನ್ನು ಮರೆಯುತ್ತಾರೆ. ಆದರೆ ಒರಟು ನಾಲಗೆಯೊಂದೇ ಅಪರಾಧವಾಗಿದ್ದರೆ ಉಳಿದವರನ್ನು ಕೈಬಿಟ್ಟುದೇಕೆ? ಆಡಿದ ಮಾತು ಸತ್ಯವೇ ಎಂಬುದು ಒಂದು ಪ್ರಶ್ನೆ. ಆಡಿದ ರೀತಿ ಸರಿಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರವಿಲ್ಲದವರು ಎರಡನೆಯದನ್ನೇ ಮುಂದೆ ಮಾಡುವುದು ಲೋಕರೂಢಿ. ಧನರಾಜರ ರೀತಿಯನ್ನು ತಿದ್ದಬಹುದು. ಅವರ ಬೇಡಿಕೆಯನ್ನು ತಪ್ಪೆನ್ನಲಾಗದು.

ಇಂಥ ಮಾತನ್ನು ಆಡಬೇಕಾದವರು ಯಾರು? ತಂಡಕ್ಕೆ ಹೊಸದಾಗಿ ಬಂದ ಕಿರಿಯನು ಆಡಲಾರ. ಅವನ ಸ್ಥಾನವೇ ಅಭದ್ರ. ನಾಯಕನಾದವನೇ ಆಡಬೇಕು, ಅದರಿಂದ ಬರುವ ನಷ್ಟವನ್ನೂ ಹೊರಬೇಕು. ಧನರಾಜರು ಹೊತ್ತರು. ಆದರೆ ಕೋಲನ್ನು ಕೆಳಗಿಡಲಿಲ್ಲ. ತಂಡಕ್ಕೆ ಮರಳಿ, 2003ರಲ್ಲಿ ಕೌಲಾಲಂಪುರದಲ್ಲಿ ನಾಯಕರಾಗಿ ಏಷ್ಯಾ ಕಪ್ಪನ್ನು ಗೆದ್ದರು. ನಾಲ್ಕು ಒಲಿಂಪಿಕ್ ಕೂಟಗಳಲ್ಲಿ ಒಂದು ಪದಕವೂ ದೊರೆಯದಿದ್ದುದು ನಿಜ; ಅದರಿಂದ ಅವರ ನಿಷ್ಠೆಗೆ ಕುಂದಿಲ್ಲ.

ಮರಾಠಿ ನಗರದಲ್ಲಿ ಕನ್ನಡ ಕಲಿಯುವ ನಾವು ಎಣಿಕೆಯಲ್ಲಿ ಕೆಲವರು. ನಮಗೇಕೆ ಊರ ಉಸಾಬರಿ ಎಂದು ಸುಮ್ಮನಿರುವುದು ನಮಗೆ ಬಲು ಬೇಗ ಅಭ್ಯಾಸವಾಗುತ್ತದೆ. ನಮ್ಮ ಆಟದ ತಂಡದಲ್ಲಿ ಕಿರಿಯನೊಬ್ಬನ ಸರದಿ ಅನ್ಯಾಯವಾಗಿ ತಪ್ಪಿದಾಗ ದೊಡ್ಡ ತರಗತಿಯ ನಾವು ಬಾಯಿ ತೆರೆಯುವೆವೇ? ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿದರು. ಅವರು ಮೆಚ್ಚಿದುದು ಮಾತು ಬಲ್ಲವನನ್ನು, ಮಾತನ್ನೇ ಆಡದವನನ್ನಲ್ಲ.