ಬನವಾಸಿಯ ಗದ್ದುಗೆಯೂ ದಂಗೆಯೆಂಬ ಮಾತೂ

ಕಳೆದ ಪರೀಕ್ಷೆಗೆ ಓದಿಕೊಳ್ಳುತ್ತಿದ್ದಾಗ ನನ್ನ ಟಿಪ್ಪಣಿ ಪುಸ್ತಕದಲ್ಲಿ ಎರಡು ಸಾಲುಗಳು ಒಂದರ ಕೆಳಗೊಂದು ಬಂದಿದ್ದವು. ಮೊದಲನೆಯದು: '1076, ಆರನೆಯ ವಿಕ್ರಮಾದಿತ್ಯನ ಪಟ್ಟಾಭಿಷೇಕ, ಚಾಲುಕ್ಯ ವಿಕ್ರಮ ಶಕೆಯ ಆರಂಭ.' ಎರಡನೆಯದು: 'ಸುಮಾರು 1083, ತಮ್ಮ ಜಯಸಿಂಹನ ದಂಗೆ, ಅದರ ದಮನ.' ಎರಡನ್ನೂ ಬಾಯಿಪಾಠ ಮಾಡಿದೆನು. ಎರಡಕ್ಕೂ ಅಂಕಗಳು ಬಂದವು. ಆ ಇಬ್ಬರೂ ಮಾಡಿದ ಕೆಲಸ ಒಂದೇ ಆಗಿತ್ತೆಂಬುದು ಹೊಳೆದದ್ದು ಮಾತ್ರ ಬಹಳ ದಿನಗಳ ಮೇಲೆ.

ಇದು ನಮಗೆ ದೂರದ ಕಥೆಯಲ್ಲ. ಮುಂಡಗೋಡಿನ ಗಡಿ ದಾಟಿದರೆ ಒಂದು ಕಡೆ ಬನವಾಸಿ, ಇನ್ನೊಂದು ಕಡೆ ಬಂಕಾಪುರ. ಹಳಿಯಾಳದಿಂದ ಹಲಸಿ ದೂರವಲ್ಲ. ಅದು ಗೋವೆಯ ಕದಂಬರ ಎರಡನೆಯ ರಾಜಧಾನಿ. ಬನವಾಸಿ ಪನ್ನಿರ್ಛಾಸಿರ, ಹಲಸಿಗೆ ಪನ್ನಿರ್ಛಾಸಿರ ಎಂಬ ಎರಡು ದೊಡ್ಡ ನಾಡುಗಳ ಅಂಚಿನಲ್ಲಿ, ಘಟ್ಟದ ನೆತ್ತಿಯ ಮೇಲೆ ನಾವಿದ್ದೇವೆ. ಕಲ್ಯಾಣದಿಂದ ಬನವಾಸಿಗೆ ನೇರವಾಗಿ ಗೆರೆ ಎಳೆದರೂ ನಾನೂರು ಕಿಲೋಮೀಟರಿಗೆ ಮೇಲಾಗುತ್ತದೆ. ನಡುವೆ ಕೃಷ್ಣೆ ಇದ್ದಾಳೆ, ಮಲಪ್ರಭೆ ಇದ್ದಾಳೆ. ಮಳೆಗಾಲದಲ್ಲಿ ಘಟ್ಟದ ಸೀಮೆ ಹೇಗಿರುತ್ತದೆಂಬುದನ್ನು ಜೋಯಿಡಾದವರಿಗೆ ನಾನು ಹೇಳಬೇಕಾಗಿಲ್ಲ. ಇಂಥ ನಾಡನ್ನು ಆಳಲು ಕಳುಹಿಸಿದವನ ಕೈಗೆ ದೊರೆಯು ದಂಡನ್ನೂ ಕೊಡಬೇಕಾಗಿತ್ತು, ತೆರಿಗೆಯನ್ನೂ ಬಿಡಬೇಕಾಗಿತ್ತು. ಅಡಿಕೆ, ಮೆಣಸು, ಭತ್ತ ಬೆಳೆಯುವ ನೆಲ. ಕಡಲಿನ ಬಂದರುಗಳಿಗೆ ಇಳಿಯುವ ದಾರಿ. ಜೊತೆಗೆ ಆನೆಯಿರುವ ಕಾಡು. ದಂಡೂ ಧನವೂ ದೂರವೂ ಒಂದೆಡೆ ಕೂಡಿದ ಮೇಲೆ ಗದ್ದುಗೆಯ ಮೇಲಿರುವವನ ಮನಸ್ಸು ಎಷ್ಟು ದಿನ ಸುಮ್ಮನಿದ್ದೀತು?

ವಿಕ್ರಮಾದಿತ್ಯನೇ ಈ ಗದ್ದುಗೆಯ ರುಚಿ ಕಂಡವನು. ತಂದೆ ಒಂದನೆಯ ಸೋಮೇಶ್ವರನ ಕಾಲದಲ್ಲಿ, 1055ರಲ್ಲಿ, ಆತನು ಗಂಗವಾಡಿಯನ್ನೂ ಬನವಾಸಿಯನ್ನೂ ಆಳುತ್ತಿದ್ದನೆಂದು ಬಂಕಾಪುರದ ಶಾಸನವೇ ಹೇಳುತ್ತದೆ. ತಂದೆ ತೀರಿದ ಮೇಲೆ ಅಣ್ಣ ಎರಡನೆಯ ಸೋಮೇಶ್ವರನು ಪಟ್ಟವೇರಿದನು. ವಿಕ್ರಮನು ತಮ್ಮ ಜಯಸಿಂಹನನ್ನು ಕರೆದುಕೊಂಡು ಕಲ್ಯಾಣವನ್ನು ಬಿಟ್ಟನು. ಚೋಳ ವೀರರಾಜೇಂದ್ರನ ಮಗಳನ್ನು ಮದುವೆಯಾಗಿ ಶತ್ರುವಿನ ಸ್ನೇಹ ಕಟ್ಟಿಕೊಂಡನು. ಕೊನೆಗೆ ಅಣ್ಣನನ್ನು ಸೋಲಿಸಿ ಸೆರೆಯಲ್ಲಿಟ್ಟನು. ಆಮೇಲೆ ಹಳೆಯ ಶಕವರ್ಷವನ್ನು ಬದಿಗೊತ್ತಿ ತನ್ನ ಹೆಸರಿನ ಶಕೆಯನ್ನೇ ಹೂಡಿದನು. ಜೊತೆಗಿದ್ದ ತಮ್ಮನಿಗೆ ಯುವರಾಜ ಪದವಿಯೂ ಬನವಾಸಿಯೂ ದೊರೆತವು; ಬೆಳ್ವೊಲ, ಪುಲಿಗೆರೆ, ಸಾಂತಳಿಗೆಗಳೂ ಅವನ ಕೈಸೇರಿದವು.

ಮುಂದಿನದನ್ನು ವಿಕ್ರಮನ ಆಸ್ಥಾನದ ಕಾಶ್ಮೀರಿ ಕವಿ ಬಿಲ್ಹಣನು 'ವಿಕ್ರಮಾಂಕದೇವಚರಿತ'ದಲ್ಲಿ ಬರೆದಿಟ್ಟಿದ್ದಾನೆ. ಜಯಸಿಂಹನು ಪ್ರಜೆಗಳನ್ನು ಹಿಂಡಿ ಹಣ ಕೂಡಿಟ್ಟನು, ದಂಡನ್ನು ಬೆಳೆಸಿದನು, ದ್ರಾವಿಡ ದೊರೆಯ ಸ್ನೇಹ ಬಯಸಿದನು, ಆಟವಿಕರನ್ನು, ಎಂದರೆ ಕಾಡಿನವರನ್ನು, ತನ್ನ ಕಡೆಗೆ ಮಾಡಿಕೊಂಡನು, ಮಳೆ ಮುಗಿದ ಮೇಲೆ ಕೃಷ್ಣೆಯ ದಡಕ್ಕೆ ಬಂದು ಊರುಗಳನ್ನು ಸುಲಿದನು. ಯುದ್ಧದಲ್ಲಿ ಸೋತು ಓಡಿದನು; ಕಾಡಿನಲ್ಲಿ ಸಿಕ್ಕಿಬಿದ್ದನು. ಅಣ್ಣನು ಕರುಣೆ ತೋರಿದನೆಂದು ಕವಿಯ ಮಾತು.

ಪಟ್ಟಿಯನ್ನು ತಾಳೆ ಹಾಕಿ ನೋಡಿರಿ. ಅಣ್ಣನ ಮೇಲೆ ಹಗೆ, ಚೋಳರ ಸ್ನೇಹ, ಸ್ವಂತ ದಂಡು: ಇವೆಲ್ಲ ವಿಕ್ರಮನಲ್ಲಿಯೂ ಇದ್ದವು. ಆದರೆ ಬಿಲ್ಹಣನ ಕಾವ್ಯದಲ್ಲಿ ವಿಕ್ರಮನು ಅಣ್ಣನ ಮೇಲೆ ಕತ್ತಿ ಎತ್ತುವ ಮುನ್ನ ಸಾಕ್ಷಾತ್ ಶಿವನೇ ಕನಸಿನಲ್ಲಿ ಬಂದು ಅಪ್ಪಣೆ ಕೊಡುತ್ತಾನೆ. ಪಾಪ, ಜಯಸಿಂಹನಿಗೆ ಅಂಥ ಕನಸು ಬೀಳಲಿಲ್ಲ; ಬಿದ್ದಿದ್ದರೂ ಬರೆಯುವ ಕವಿ ಇರಲಿಲ್ಲ.

ಅದೇ ವರ್ಷಗಳಲ್ಲಿ ಬೈಜಾಂಟಿಯಮ್ ಸಾಮ್ರಾಜ್ಯದಲ್ಲಿಯೂ ಇದೇ ಆಟ ನಡೆದಿತ್ತು. ದುರ‍್ರಾಖಿಯಮ್ ಎಂಬ ಪಡುಗಡಿಯ ಪ್ರಾಂತವನ್ನಾಳುತ್ತಿದ್ದ ನಿಕೆಫೊರಸ್ ಬ್ರಿಯೆನ್ನಿಯಸ್ 1077ರಲ್ಲಿ ತಾನೇ ಚಕ್ರವರ್ತಿಯೆಂದು ಸಾರಿದನು. ಮೂಡಣ ಅನಟೋಲಿಯಾದಲ್ಲಿ ಅಧಿಕಾರ ನಡೆಸುತ್ತಿದ್ದ ನಿಕೆಫೊರಸ್ ಬೊಟನಿಯಾಟಿಸನೂ ಹಾಗೆಯೇ ಸಾರಿದನು. ಹೆಸರೂ ಒಂದೇ, ಕೆಲಸವೂ ಒಂದೇ. 1078ರಲ್ಲಿ ಒಬ್ಬನು ಕಾನ್‌ಸ್ಟಾಂಟಿನೋಪಲಿನ ಸಿಂಹಾಸನವೇರಿದನು; ಇನ್ನೊಬ್ಬನ ಎರಡು ಕಣ್ಣುಗಳನ್ನೂ ಕಿತ್ತರು. ಆ ಬ್ರಿಯೆನ್ನಿಯಸನನ್ನು ಹಿಡಿದ ಸೇನಾಪತಿ ಅಲೆಕ್ಸಿಯಸ್ ಕಾಮ್ನೆನಸನೇ 1081ರಲ್ಲಿ ತನ್ನ ದೊರೆಯ ವಿರುದ್ಧ ಎದ್ದು ತಾನು ಚಕ್ರವರ್ತಿಯಾದನು!

ನಾನು ಜಯಸಿಂಹನ ವಕೀಲನಲ್ಲ. ಪ್ರಜೆಯನ್ನು ಹಿಂಡಿದವನು ಸೋತನೆಂಬ ಮಾತ್ರಕ್ಕೆ ಸಜ್ಜನನಾಗುವುದಿಲ್ಲ. ವಿಕ್ರಮಾದಿತ್ಯನ ಐವತ್ತು ವರ್ಷಗಳ ಆಳ್ವಿಕೆ ಕನ್ನಡನಾಡಿನ ಹಿರಿಮೆಯೆಂಬುದನ್ನೂ ಅಲ್ಲಗಳೆಯೆನು; ವಿಜ್ಞಾನೇಶ್ವರನು 'ಮಿತಾಕ್ಷರ' ಬರೆದದ್ದು ಅವನ ನೆರಳಿನಲ್ಲಿಯೇ. ನನ್ನ ಆಕ್ಷೇಪ 'ದಂಗೆ' ಎಂಬ ಮಾತಿನ ಮೇಲೆ. ಅದು ಮಾಡಿದ ಕೆಲಸದ ಹೆಸರಲ್ಲ, ಫಲಿತಾಂಶದ ಹೆಸರು. ಉತ್ತರಪತ್ರಿಕೆಯಲ್ಲಿ ಅದನ್ನು ಬರೆಯುವಾಗ ನಾವು ತಿಳಿಯದೆಯೇ ಕಲ್ಯಾಣದ ಅರಮನೆಯಲ್ಲಿ ನಿಂತು ಬರೆಯುತ್ತೇವೆ. ಇಲ್ಲಿ, ನಮ್ಮ ಊರಿನಲ್ಲಿ, ನಿಂತು ಬರೆಯುವುದಿಲ್ಲ.

ಇಲ್ಲಿ ನಿಂತರೆ ಮೊದಲು ಕಾಣುವವರು ಆ ಆಟವಿಕರು. ಜಯಸಿಂಹನ ಬೆನ್ನಿಗೆ ಅವರು ಏಕೆ ನಿಂತರು? ಹಣದಾಸೆಗೋ, ಹೆದರಿಕೆಗೋ, ಅಥವಾ ಕಲ್ಯಾಣದ ತೆರಿಗೆಯ ಮೇಲಿನ ಸಿಟ್ಟಿಗೋ? ಬಿಲ್ಹಣನಿಗೆ ಅದು ಬೇಕಾಗಿರಲಿಲ್ಲ. ಅವನಿಗೆ ಅವರು ಸೋತವನ ಪಕ್ಷದ ಸಂಖ್ಯೆ ಮಾತ್ರ. ಮುಂದೆ ಗೋವೆಯ ಕದಂಬರು ತಮ್ಮ ಹೊನ್ನಿನ ನಾಣ್ಯಗಳ ಮೇಲೆ 'ಮಲವರಮಾರಿ' ಎಂಬ ಬಿರುದನ್ನು ಕೆತ್ತಿಸಿದರು. ಮಲೆಯವರ ಪಾಲಿಗೆ ಮಾರಿ ಎಂದರ್ಥ. ಮಲೆಯವರು ಯಾರು? ನಮ್ಮ ಬೆಟ್ಟಗಳಲ್ಲಿ ಇದ್ದವರೇ ಅಲ್ಲವೆ? ತೆರಿಗೆ ಕೊಡುವವನ ಕೈಗೇ 'ನಿನಗೆ ನಾನು ಮಾರಿ' ಎಂದು ಬರೆದ ನಾಣ್ಯ! ಅದನ್ನು ಮುಟ್ಟಿದ ಮಲೆಯವನಿಗೆ ಓದು ಬರುತ್ತಿರಲಿಲ್ಲವೆಂಬುದೇ ಒಂದು ಸಮಾಧಾನ.

ತಮ್ಮನ ಪ್ರಸಂಗದಿಂದ ವಿಕ್ರಮನು ಪಾಠ ಕಲಿತಂತಿದೆ. ಮುಂದೆ ಬನವಾಸಿಗೆ ಅನಂತಪಾಲ, ಗೋವಿಂದರಸರಂಥ ದಂಡನಾಯಕರು ಬಂದರು. ಗೋವೆಯ ಇಮ್ಮಡಿ ಜಯಕೇಶಿಗೆ ದೊರೆಯು ತನ್ನ ಮಗಳು ಮೈಲಳದೇವಿಯನ್ನೇ ಧಾರೆಯೆರೆದು ಕೊಟ್ಟನು. ಒಂದೆಡೆ ಅಧಿಕಾರಿ, ಇನ್ನೊಂದೆಡೆ ಅಳಿಯ. ಗಡಿನಾಡನ್ನು ಹಿಡಿದಿಡುವ ಉಪಾಯವೆಲ್ಲ ಆಳುವವನ ನಿಷ್ಠೆಯ ಸುತ್ತಲೇ ತಿರುಗಿತು. ಆಳಿಸಿಕೊಳ್ಳುವವರನ್ನು ಕೇಳುವ ಮಾತು ಬರಲಿಲ್ಲ. ಈಗಲೂ ಘಟ್ಟದ ಕಡೆಗೆ ವರ್ಗವಾದವರನ್ನು ಕಂಡರೆ 'ಯಾವ ತಪ್ಪಿಗೆ?' ಎಂದು ನಗುತ್ತಾ ಕೇಳುವುದುಂಟು. ನಮ್ಮ ಊರು ಒಬ್ಬರಿಗೆ ಶಿಕ್ಷೆಯೆಂಬುದನ್ನು ಕೇಳಿ ನಾವೂ ನಗುತ್ತೇವಲ್ಲ, ಅದು ನನಗೆ ಸೋಜಿಗ.

ಇತಿಹಾಸ ವಿಭಾಗದ ಗುರುಗಳಲ್ಲಿ ಒಂದು ಬಿನ್ನಹವಿದೆ. ಪ್ರತಿವರ್ಷದ ಪ್ರವಾಸಕ್ಕೆ ದೂರದ ಊರುಗಳನ್ನೇ ಆರಿಸುತ್ತೇವೆ. ಈ ಸಲ ಒಂದು ದಿನ ಬಂಕಾಪುರಕ್ಕೆ, ಇನ್ನೊಂದು ದಿನ ಹಲಸಿಗೆ ಹೋಗೋಣ. ಹೋಗುವಾಗ ದಾರಿಯ ಊರುಗಳಲ್ಲಿ ಗುಡಿಯ ಹಿಂದೆ, ಗದ್ದೆಯ ಬದುವಿನಲ್ಲಿ ನಿಂತಿರುವ ವೀರಗಲ್ಲುಗಳನ್ನೂ ನೋಡೋಣ. ಯಾರ ಪಕ್ಷದಲ್ಲಿ ಸತ್ತನೋ, ತುರುಗಳಿಗಾಗಿಯೋ ಊರಿಗಾಗಿಯೋ ಬಿದ್ದವನ ಕಲ್ಲು ಅದು. ನಮ್ಮ ಕಡೆ ಅಂಥದೊಂದಕ್ಕೆ ಎಮ್ಮೆ ಕಟ್ಟುತ್ತಾರೆ. ಹಗ್ಗ ಉಜ್ಜಿ ಉಜ್ಜಿ ಕೆಳಗಿನ ಸಾಲು ಸವೆದುಹೋಗಿದೆ, ಮೇಲಿನ ಎರಡು ಸಾಲು ಇನ್ನೂ ಓದಲು ಬರುವಂತಿವೆ.