ಹಿರಿದಾದುದೆಲ್ಲ ಸುರಕ್ಷಿತವೇ?

ಅತಿ ಚಿಕ್ಕದಾದ, ಅಲ್ಪ ಇಂಧನದಲ್ಲಿ ಓಡುವ ಕಾರು ಅಮೆರಿಕದ ಚಾಲಕನಿಗೆ ಒಗ್ಗದು ಎಂಬ ಮಾತು ಆ ದೇಶದಲ್ಲಿ ಗಾದೆಯಂತೆ ಚಲಾವಣೆಯಲ್ಲಿದೆ. ದೇಶ ವಿಶಾಲ, ದಾರಿ ದೀರ್ಘ, ಪೆಟ್ರೋಲು ಅಗ್ಗ. ಹೀಗಿರುವಾಗ ಗುಬ್ಬಿಗೂಡಿನಂಥ ವಾಹನ ಯಾರಿಗೆ ಬೇಕು ಎಂಬುದು ವಾದ. ಮಾರುಕಟ್ಟೆಯ ಚರಿತ್ರೆಯೂ ಇದಕ್ಕೆ ಸಾಕ್ಷಿ ನುಡಿಯುವಂತೆ ತೋರುತ್ತದೆ. 2008ರಲ್ಲಿ ಅಲ್ಲಿಗೆ ಕಾಲಿಟ್ಟ, ಸುಮಾರು 2.7 ಮೀಟರ್ ಉದ್ದದ 'ಸ್ಮಾರ್ಟ್' ಕಾರು ಮೊದಲ ವರ್ಷ 24 ಸಾವಿರಕ್ಕೂ ಮಿಗಿಲಾಗಿ ಮಾರಾಟವಾಗಿ, 2010ರ ವೇಳೆಗೆ 6 ಸಾವಿರದ ಆಸುಪಾಸಿಗೆ ಇಳಿದು, 2019ರಲ್ಲಿ ಅಲ್ಲಿಂದ ನಿರ್ಗಮಿಸಿತು. ಹೋಂಡಾ ಫಿಟ್, ಟೊಯೋಟಾ ಯಾರಿಸ್ 2020ರಲ್ಲಿಯೂ, ಷೆವ್ರೊಲೆ ಸ್ಪಾರ್ಕ್ 2022ರಲ್ಲಿಯೂ ಅದೇ ಹಾದಿ ಹಿಡಿದವು.

ಆದರೆ ಮಾರಾಟದ ಲೆಕ್ಕ ಒಂದು, ಯೋಗ್ಯತೆಯ ತೀರ್ಪು ಇನ್ನೊಂದು. ಒಂದು ವಸ್ತು ಜನರಿಗೆ ಒಗ್ಗಲಿಲ್ಲವೆಂದು ಹೇಳುವ ಮುನ್ನ, ಅದು ಒಗ್ಗದಂತೆ ಮಾಡಿದವರು ಯಾರೆಂದು ವಿಚಾರಿಸುವುದು ವಿವೇಕ.

ಪ್ರತಿವಾದಿಗಳಲ್ಲಿ ಸತ್ಯಾಂಶವಿಲ್ಲವೆಂದಲ್ಲ. 2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯು ಮೂರು ಪುಟ್ಟ ಕಾರುಗಳನ್ನು ಅವುಗಳ ತಯಾರಕರದೇ ಮಧ್ಯಮ ಗಾತ್ರದ ಕಾರುಗಳಿಗೆ ಗಂಟೆಗೆ 40 ಮೈಲಿ ವೇಗದಲ್ಲಿ ಎದುರುಬದುರಾಗಿ ಡಿಕ್ಕಿ ಹೊಡೆಸಿತು. ಮೂರೂ ಪುಟ್ಟ ಕಾರುಗಳು 'ಕಳಪೆ' ಎಂಬ ಶ್ರೇಣಿ ಪಡೆದವು. ಸ್ಮಾರ್ಟ್ ಕಾರು ನೆಲಬಿಟ್ಟು ಎದ್ದು ಗಿರ್ರನೆ ತಿರುಗಿತು. ಇದಲ್ಲದೆ, ಚಿಕ್ಕದೆಲ್ಲ ಮಿತವ್ಯಯಿ ಎಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. ಸರ್ಕಾರಿ ಅಂದಾಜಿನಂತೆ ಎರಡೇ ಆಸನದ ಆ ಸ್ಮಾರ್ಟ್ ಗ್ಯಾಲನ್ನಿಗೆ 36 ಮೈಲಿ ಓಡುತ್ತಿದ್ದಾಗ, ಐವರು ಕೂರುವ ಟೊಯೋಟಾ ಪ್ರಿಯಸ್ 46 ಮೈಲಿ ಓಡುತ್ತಿತ್ತು. ಗಾತ್ರದಲ್ಲಿ ಕಿರಿದಾದ ಮಾತ್ರಕ್ಕೆ ಯಾವುದೂ ಸದ್ಗುಣವಾಗದು.

ಆದರೂ ಆ ಡಿಕ್ಕಿಯ ಪರೀಕ್ಷೆ ಹೇಳಿದ್ದೇನು? ಹಗುರವಾದುದು ಭಾರವಾದುದಕ್ಕೆ ಸೋಲುತ್ತದೆ ಎಂದು. ಇದು ಚಿಕ್ಕ ಕಾರಿನ ದೋಷವೆಷ್ಟೋ ದೊಡ್ಡ ಕಾರಿನ ದೋಷವೂ ಅಷ್ಟೇ. ನೆರೆಯವನ ವಾಹನ ಭಾರವಾಯಿತೆಂದು ಇವನು ಇನ್ನೂ ಭಾರವಾದುದನ್ನು ಕೊಳ್ಳುತ್ತಾನೆ; ಇವನಿಗೆ ಅಂಜಿ ಮೂರನೆಯವನು ಮತ್ತೊಂದನ್ನು. ಭಯದಿಂದ ಹುಟ್ಟಿದ ಈ ಪೈಪೋಟಿಯಲ್ಲಿ ಒಬ್ಬನ ಸುರಕ್ಷತೆ ಮತ್ತೊಬ್ಬನ ಅಪಾಯವಾಗಿ ಪರಿಣಮಿಸುತ್ತದೆ. ಅದರಲ್ಲಿಯೂ ಯಾವ ಕವಚವೂ ಇಲ್ಲದ ಪಾದಚಾರಿಯ ಗತಿಯೇನು? 2009ರಲ್ಲಿ ಸುಮಾರು 4,100 ಪಾದಚಾರಿಗಳು ಅಮೆರಿಕದ ರಸ್ತೆಗಳಲ್ಲಿ ಅಸುನೀಗಿದರೆ, 2022ರಲ್ಲಿ ಆ ಸಂಖ್ಯೆ 7,500ನ್ನು ದಾಟಿತು. ಇದಕ್ಕೆ ಕಾರಣಗಳು ಹಲವು. ಆದರೆ ಮೇಲೆ ಹೇಳಿದ ಸಂಸ್ಥೆಯೇ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೂತಿಯ ಎತ್ತರ 40 ಅಂಗುಲ ಮೀರಿದ ವಾಹನಗಳು ತಗ್ಗಾದ, ಇಳಿಜಾರು ಮೂತಿಯ ವಾಹನಗಳಿಗಿಂತ ಪಾದಚಾರಿಯ ಪ್ರಾಣ ತೆಗೆಯುವ ಸಂಭವ ಸುಮಾರು ಶೇಕಡ 45ರಷ್ಟು ಹೆಚ್ಚು. ತನ್ನ ಕ್ಷೇಮಕ್ಕಾಗಿ ಪರರ ಪ್ರಾಣವನ್ನು ಪಣವಾಗಿಡುವುದನ್ನು ಸುರಕ್ಷತೆಯೆಂದು ಕರೆಯಲು ಅಹಿಂಸೆಯನ್ನು ಮಾನ್ಯಮಾಡುವವರಿಗೆ ಸಾಧ್ಯವಿಲ್ಲ.

ಇನ್ನು ಅಭಿರುಚಿಯ ಮಾತು. 1968ರಲ್ಲಿ ಇದೇ ಅಮೆರಿಕನ್ನರು 4 ಲಕ್ಷಕ್ಕೂ ಮಿಕ್ಕಿ ಫೋಕ್ಸ್‌ವ್ಯಾಗನ್ ಬೀಟಲ್‌ಗಳನ್ನು ಕೊಂಡರು. 1973ರ ತೈಲ ನಿರ್ಬಂಧದ ತರುವಾಯ ಜಪಾನಿನ ಪುಟ್ಟ ಕಾರುಗಳಿಗೆ ಮನೆಬಾಗಿಲು ತೆರೆದರು. ಅಂದು ಅವರ ದೇಶ ಕಿರಿದಾಗಿತ್ತೇ, ದಾರಿ ಹತ್ತಿರವಾಗಿತ್ತೇ? ಬದಲಾದುದು ಕಾನೂನು. 1975ರ ಶಾಸನ ಇಂಧನ ಮಿತವ್ಯಯದ ಗುರಿಯನ್ನು ವಿಧಿಸಿತಾದರೂ ಕಾರಿಗೊಂದು, ಲಘು ಟ್ರಕ್ಕಿಗೊಂದು ಅಳತೆಗೋಲು ಬಳಕೆಗೆ ಬಂದಿತು. 1996ರಿಂದ 2004ರವರೆಗೆ ಕಾರು ಗ್ಯಾಲನ್ನಿಗೆ 27.5 ಮೈಲಿ ಓಡಬೇಕಾಗಿದ್ದರೆ, ಟ್ರಕ್ಕಿಗೆ 20.7 ಮೈಲಿಯೇ ಸಾಕಾಗಿತ್ತು. ಸಂಸಾರ ಸಾಗಿಸುವ ಬೃಹತ್ ವಾಹನಗಳು ಟ್ರಕ್ಕೆಂಬ ಹೆಸರಿನಲ್ಲಿ ಪಾರಾದವು. 1978ರ ಕಾಯಿದೆ ಇಂಧನ ನುಂಗುವ ಕಾರುಗಳ ಮೇಲೆ ಹೂಡಿದ ತೆರಿಗೆಯೂ ಅವುಗಳನ್ನು ಮುಟ್ಟಲಿಲ್ಲ. ಬಳಿಕ ವಾಹನ ನೆಲದ ಮೇಲೆ ಆಕ್ರಮಿಸುವ ವಿಸ್ತಾರ ಹೆಚ್ಚಿದಷ್ಟೂ ಗುರಿ ಸಡಿಲವಾಗುವ ಪದ್ಧತಿ ಬಂದಿತು. ಪೆಟ್ರೋಲಿನ ಮೇಲಿನ ಕೇಂದ್ರ ತೆರಿಗೆ 1993ರಿಂದಲೂ ಗ್ಯಾಲನ್ನಿಗೆ 18.4 ಸೆಂಟಿನಲ್ಲಿಯೇ ನಿಂತಿದೆ. ಹೀಗೆ ಹಿರಿದಕ್ಕೆ ಬಹುಮಾನವಿತ್ತು, ಕಿರಿದನ್ನು ಜನ ಒಲ್ಲರೆಂದು ಸಾರುವುದು ಯಾವ ನ್ಯಾಯ?

ಬಳಕೆಯನ್ನಾದರೂ ನೋಡಬಹುದು. 2019ರಲ್ಲಿ ಅಲ್ಲಿನ ಕೆಲಸಗಾರರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಂಟಿಯಾಗಿ ಕಾರು ನಡೆಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಒಬ್ಬ ಮನುಷ್ಯನನ್ನು ಒಯ್ಯಲು ಎರಡು ಟನ್ನಿನ ಲೋಹ! ಅಗತ್ಯವನ್ನು ಮೀರಿದ ಸಂಗ್ರಹಕ್ಕೆ ಪರಿಗ್ರಹವೆಂಬ ಹೆಸರು ಹಳೆಯದು. ಅದಕ್ಕೆ ಗಾಲಿ ಜೋಡಿಸಿದ ಮಾತ್ರಕ್ಕೆ ಹೆಸರು ಬದಲಾಗದು.

2025ರ ಡಿಸೆಂಬರಿನಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಜಪಾನಿನ 'ಕೇ' ಕಾರುಗಳನ್ನು ಮೆಚ್ಚಿ, ಅಂಥವನ್ನು ಅಮೆರಿಕದಲ್ಲಿ ತಯಾರಿಸಲು ದಾರಿ ಮಾಡಿಕೊಡುವುದಾಗಿ ಹೇಳಿದರು. 3.4 ಮೀಟರ್ ಉದ್ದ, 660 ಸಿಸಿ ಎಂಜಿನ್ನಿನ ಮಿತಿಗೊಳಪಟ್ಟ ಈ ವರ್ಗ ಭಾರತೀಯರಿಗೆ ಅಪರಿಚಿತವಲ್ಲ. 1983ರ ಮಾರುತಿ 800 ಇದೇ ಮನೆತನದ ಕೂಸು. ಆದರೆ ಅದೇ ಸಭೆಯಲ್ಲಿ ಇಂಧನ ಮಿತವ್ಯಯದ ನಿಯಮಗಳನ್ನು ಸಡಿಲಿಸುವ ಪ್ರಸ್ತಾವವೂ ಮಂಡಿತವಾಯಿತು. ಆನೆಗಳನ್ನು ಬೀದಿಗೆ ಬಿಟ್ಟು ಅಳಿಲಿಗೆ ಸ್ವಾಗತ ಕೋರುವುದು ಔದಾರ್ಯವಲ್ಲ. ಭಾರಕ್ಕೆ ತಕ್ಕ ತೆರಿಗೆ, ಮೂತಿಯ ಎತ್ತರಕ್ಕೆ ಮಿತಿ, ಕಾರಿಗೂ ಟ್ರಕ್ಕಿಗೂ ಒಂದೇ ಅಳತೆಗೋಲು ಮೊದಲು ಬರಲಿ. ಪುಟ್ಟ ಕಾರು ಅಮೆರಿಕನ್ನನಿಗೆ ಒಗ್ಗುವುದೋ ಇಲ್ಲವೋ ಎಂಬುದನ್ನು ಆಮೇಲೆ ನಿರ್ಣಯಿಸಿದರೆ ಆ ತೀರ್ಪಿಗೆ ಬೆಲೆಯುಂಟು.