ಬರೀ ಬಂಡೆ ಅಂತೀರಲ್ಲ...

ಚಾರಣ ಅಂದ ಕೂಡಲೇ ನಮ್ಮ ಸಾಫ್ಟ್‌ವೇರ್ ಮಂದಿಗೆ ನೆನಪಾಗೋದು ಕುಮಾರಪರ್ವತ, ಮುಳ್ಳಯ್ಯನಗಿರಿ. ಕೋಲಾರ ಅಂದ್ರೆ "ಅಲ್ಲೇನಿದೆ, ಬರೀ ಬಂಡೆ" ಅಂತಾರೆ. ಈ ಮಾತಿನ ಬಗ್ಗೆ ನನ್ನದೊಂದು ತಕರಾರಿದೆ.

ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದಲ್ಲಿ, ಕೋಲಾರ ಊರಿನ ಬೆನ್ನಿಗೇ ಶತಶೃಂಗ ಪರ್ವತ. ಕಾಶಿ ವಿಶ್ವೇಶ್ವರನ ಗುಡಿ, ಕಲ್ಲು ಬಸವನ ಬಾಯಿಂದ ಬೀಳೋ ಅಂತರಗಂಗೆ, ಕೈಲಿರೋ ಹಣ್ಣು ಕಿತ್ತುಕೊಳ್ಳೋ ಕೋತಿಗಳು :) ಬಹಳ ಜನ ಇಷ್ಟು ನೋಡಿ, ಹೆಚ್ಚೆಂದರೆ ಗುಹೆಗಳಲ್ಲಿ ತೂರಿ ವಾಪಸ್ಸಾಗ್ತಾರೆ. ಇನ್ನೂ ಹತ್ತಿದರೆ ನೆತ್ತಿಯ ಮೇಲೆ ಬಯಲು, ಹುಲ್ಲು, ರಾಗಿ ಹೊಲ, ತೇರಹಳ್ಳಿಯಂಥ ಊರು. ಮೊನ್ನೆ ಒಂದು ಭಾನುವಾರ ಇಡೀ ದಿನ ಅಲ್ಲೇ ನಡೆದೆ. ಕುರಿ ಮೇಯಿಸ್ತಿದ್ದ ತಾತ ಅಂಚಿನಿಂದ ಕೆಳಗಿನ ಕೆರೆ ತೋರಿಸಿ, "ಈ ಬಂಡೆ ಮೇಲಿನ ಮಳೇನೇ ಕಣಪ್ಪಾ ಅಲ್ಲಿಗೆ ಹೋಗೋದು" ಅಂದರು.

ವಿಷಯ ಇರೋದೇ ಇಲ್ಲಿ. ವರ್ಷವಿಡೀ ಹರಿಯೋ ನದಿ ಈ ಜಿಲ್ಲೆಯಲ್ಲಿಲ್ಲ. ಬದುಕೆಲ್ಲ ಕೆರೆಯ ಮೇಲೆ. ಬಂಡೆ ನೀರು ಕುಡಿಯಲ್ಲ, ಕೆಳಕ್ಕೆ ಇಳಿಸುತ್ತೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆ ಶುರುವಾಗಿ, ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಇಲ್ಲಿನ ಕೆರೆಗಳಿಗೆ ಬಂತು. ಅದು ಬೇಡ ಅಂತ ನಾನು ಹೇಳಲ್ಲ. ಆದರೆ ಪಂಪು, ಪೈಪು, ಕರೆಂಟು ಏನೂ ಇಲ್ಲದೆ ಕೆರೆಗೆ ನೀರು ಕಳಿಸೋ ಬೆಟ್ಟವನ್ನು ನಾವು ಜಲ್ಲಿ ಲೆಕ್ಕದಲ್ಲಿ ನೋಡ್ತೀವಲ್ಲ?

ಮಾಲೂರಿನ ಟೇಕಲ್ ಕಡೆ ಕಲ್ಲು ಒಡೆಯೋದೇ ಎಷ್ಟೋ ಮನೆಗಳ ಅನ್ನ. ನಾನು ಕೂತು ಕೋಡ್ ಬರೆಯೋ ಕಟ್ಟಡಕ್ಕೂ ಜಲ್ಲಿ ಬೇಕೇ ಬೇಕು. ಹಾಗಾಗಿ ಕ್ವಾರಿಯೆಲ್ಲ ಮುಚ್ಚಿ ಅನ್ನೋ ಧೈರ್ಯ ನನಗಿಲ್ಲ. ಕೇಳೋದಿಷ್ಟೇ: ಪರವಾನಗಿ ಕೊಡುವ ಮುಂಚೆ, ಈ ಬಂಡೆಯ ನೀರು ಯಾವ ಕೆರೆಗೆ ಹೋಗುತ್ತೆ ಅಂತ ಊರವರನ್ನೇ ಕೇಳಿ ಬರೆದುಕೊಳ್ಳಲಿ. ಕೆರೆಗೆ ಹೊಡೆತ ಬೀಳೋ ಕಡೆ ಕೊಡೋದು ಬೇಡ.

ಮುಳಬಾಗಿಲಿನ ಆವಣಿ ಬೆಟ್ಟದಲ್ಲಿ ಸೀತೆಯ ಗುಡಿಯಿದೆ, ಲವಕುಶರ ಕತೆಯಿದೆ. ಅದನ್ನು ಯಾರೂ ಬರೀ ಬಂಡೆ ಅನ್ನಲ್ಲ. ಕತೆಯಿಲ್ಲದ ಬೆಟ್ಟಗಳಿಗೆ ಯಾರು ದಿಕ್ಕು?

ಮುಂದಿನ ರಜೆಗೆ ಶತಶೃಂಗದ ನೆತ್ತಿಗೆ ಹೋಗಿ ಬನ್ನಿ. ನೀರು ಒಯ್ಯಿರಿ, ಖಾಲಿ ಬಾಟಲಿ ವಾಪಸ್ ತನ್ನಿ. ಬಂದು ನಿಮ್ಮ ಬ್ಲಾಗಿನಲ್ಲಿ ಬರೀರಿ, ಫೋಟೋ ಜೊತೆ ಕೆಳಗೆ ಕಂಡ ಕೆರೆಯ ಹೆಸರನ್ನೂ ಹಾಕಿ. ಏನಂತೀರಿ?